ಬಾವಲಿ ರೆಕ್ಕೆಯ ಆ ನರ್ತಕಿ ಮ್ಯುಸಿದೋರಾ ಅಲ್ಲ

ಓದುಗರ ಪ್ರಶ್ನೆ: ‘ಲೆ ವಾಂಪೀರ್’ ಎಂಬ ಫ್ರೆಂಚ್ ಮೂಕಿ ಸರಣಿಯದ್ದೆಂದು ಒಂದು ಫೋಟೋ ಎಲ್ಲ ಕಡೆ ಓಡಾಡುತ್ತದೆ. ದೊಡ್ಡ ಕಪ್ಪು ರೆಕ್ಕೆ ಬಿಚ್ಚಿ ನಿಂತ ಹೆಂಗಸು, ಕೆಳಗೆ ‘ಮ್ಯುಸಿದೋರಾ’ ಎಂಬ ಹೆಸರು. ಸಿನಿಮಾ ನೋಡಿದರೆ ಇಬ್ಬರ ಮುಖಕ್ಕೂ ತಾಳೆಯಾಗುವುದಿಲ್ಲ. ಆಕೆ ನಿಜಕ್ಕೂ ಯಾರು? ಆಮೇಲೆ ಏನಾದರು?

ಉತ್ತರ: ನಿಮ್ಮ ಅನುಮಾನ ಸರಿ. ರೆಕ್ಕೆಯ ವೇಷದಲ್ಲಿರುವಾಕೆ ಸ್ತಾಸಿಯಾ ನಾಪಿಯೆರ್ಕೊವ್‌ಸ್ಕಾ. ಹೆಸರು ಪೋಲಿಷ್, ಹುಟ್ಟಿದ್ದು ಪ್ಯಾರಿಸ್‌ನಲ್ಲಿ. ಆಕೆ ಮೊದಲು ನರ್ತಕಿ, ಆಮೇಲೆ ಸಿನಿಮಾ ನಟಿ.

ಲೂಯಿ ಫೋಯಾದ್ ಗೋಮೊಂ ಕಂಪನಿಗಾಗಿ ತೆಗೆದ ಈ ಸರಣಿಯಲ್ಲಿ ಹತ್ತು ಕಂತುಗಳಿವೆ. 1915ರ ನವೆಂಬರ್‌ನಲ್ಲಿ ಶುರುವಾಗಿ 1916ರ ಜೂನ್‌ವರೆಗೆ ಬಿಡುಗಡೆಯಾದವು, ಒಟ್ಟು ಸುಮಾರು ಏಳು ಗಂಟೆ. ರೆಕ್ಕೆಯ ನೃತ್ಯ ಬರುವುದು ಎರಡನೇ ಕಂತಿನಲ್ಲಿ, ‘ಕೊಲ್ಲುವ ಉಂಗುರ’ ಎಂಬ ಅರ್ಥದ ಶೀರ್ಷಿಕೆಯ ಕಂತು ಅದು. ಹತ್ತರಲ್ಲಿ ಅತಿ ಚಿಕ್ಕದು, ಹೆಚ್ಚೆಂದರೆ ಕಾಲು ಗಂಟೆ. ಸರಣಿಯ ಪ್ರಮುಖ ನಟಿ ಮ್ಯುಸಿದೋರಾ ಅಷ್ಟರಲ್ಲಿ ಕಥೆಗೆ ಬಂದೇ ಇರುವುದಿಲ್ಲ. ಆಕೆಯ ಪಾತ್ರ ಇರ್ಮಾ ವೆಪ್ ಮೊದಲು ಕಾಣುವುದು ಮೂರನೇ ಕಂತಿನಲ್ಲಿ, ಒಂದು ಕ್ಯಾಬರೆಯ ಹೊರಗಿನ ಪೋಸ್ಟರ್ ಮೇಲೆ. ಹತ್ತೂ ಕಂತು ಒಂದೇ ಫೈಲಿನಲ್ಲಿದ್ದರೆ ಅರ್ಧ ಗಂಟೆ ದಾಟಿದ ಕೂಡಲೇ ನೋಡಿ, ನಾಪಿಯೆರ್ಕೊವ್‌ಸ್ಕಾ ಬಂದು ಹೋಗಿಬಿಡುತ್ತಾರೆ.

ಆ ಕಂತಿನಲ್ಲಿ ಆಕೆ ಮಾರ್ಫಾ ಕುತಿಲೋಫ್ ಎಂಬ ಬ್ಯಾಲೆ ನರ್ತಕಿ. ‘ವಾಂಪೀರ್’ ಎಂಬ ಕಳ್ಳರ ಗುಂಪಿನ ಬಗ್ಗೆಯೇ ಮಾಡಿದ ಬ್ಯಾಲೆಯಲ್ಲಿ ಕುಣಿಯಲಿದ್ದಾಳೆ, ಗುಂಪಿನ ಬೆನ್ನು ಹತ್ತಿರುವ ಪತ್ರಕರ್ತ ಗೆರಾಂದ್‌ಗೆ ಆಪ್ತಳು ಬೇರೆ. ಗುಂಪಿನ ನಾಯಕ ಸಂಭಾವಿತ ಕೌಂಟ್ ವೇಷದಲ್ಲಿ ಪ್ರದರ್ಶನಕ್ಕೆ ಮುಂಚೆ ಬಂದು ಉಂಗುರ ತೊಡಿಸುತ್ತಾನೆ, ಅದರಲ್ಲಿ ವಿಷ. ಪರದೆ ಏಳುತ್ತದೆ. ಬಿಳಿ ಉಡುಪಿನ ಹುಡುಗಿ ಮಲಗಿದ್ದಾಳೆ. ಮಾರ್ಫಾ ರೆಕ್ಕೆ ಬಿಚ್ಚಿ ಸುತ್ತುತ್ತಾ ಹತ್ತಿರ ಬರುತ್ತಾಳೆ, ಮೇಲೆ ಬಾಗುತ್ತಾಳೆ. ನೃತ್ಯ ನಡೆಯುತ್ತಿರುವಾಗಲೇ ವಿಷ ಏರುತ್ತದೆ. ಇಲ್ಲಿ ಆಕೆಯ ಕಸುಬು ನೋಡಬೇಕು: ಬೇಟೆಯ ಮೇಲೆ ಎರಗುವ ಬಾಗುವಿಕೆ ಎಲ್ಲಿ ಮುಗಿದು ಸಾಯುವವಳ ತತ್ತರಿಕೆ ಎಲ್ಲಿ ಶುರುವಾಗುತ್ತದೆ ಎಂದು ಒಮ್ಮೆಲೇ ಗೊತ್ತಾಗುವುದಿಲ್ಲ. ತೋಳು ಇನ್ನೂ ನೃತ್ಯದಲ್ಲಿರುತ್ತದೆ, ಮೊಣಕಾಲು ಆಗಲೇ ಸೋತಿರುತ್ತದೆ. ನಟಿಗೆ ನಾಲ್ಕು ಹೆಜ್ಜೆ ಹೇಳಿಕೊಟ್ಟು ತೆಗೆದಿದ್ದರೆ ಹೀಗೆ ಬರುತ್ತಿರಲಿಲ್ಲ.

ಹಾಗಾದರೆ ಹೆಸರು ಅದಲು ಬದಲಾದದ್ದು ಹೇಗೆ? ಸರಣಿ ಎಂದರೆ ಮ್ಯುಸಿದೋರಾ ಎಂದೇ ಜನರ ಮನಸ್ಸಿನಲ್ಲಿ ಉಳಿದಿದೆ. 1996ರಲ್ಲಿ ಒಲಿವಿಯೆ ಅಸ್ಸಾಯಾಸ್ ಇರ್ಮಾ ವೆಪ್ ಹೆಸರಿನಲ್ಲೇ ಸಿನಿಮಾ ಮಾಡಿದ ಮೇಲಂತೂ ಅದು ಇನ್ನೂ ಗಟ್ಟಿಯಾಯಿತು. ಅತ್ತ ‘ವಾಂಪೀರ್’ ಎಂದಾಗ ಕಣ್ಣಿಗೆ ಬೇಕಾದದ್ದು ಬಾವಲಿ. ಸರಣಿಯಲ್ಲಿ ರಕ್ತ ಹೀರುವ ಪಿಶಾಚಿಯೇ ಇಲ್ಲ, ಅದು ದರೋಡೆಕೋರರ ಗುಂಪಿನ ಹೆಸರಷ್ಟೆ. ಏಳು ಗಂಟೆಯಲ್ಲಿ ಬಾವಲಿಯಂತೆ ಕಾಣುವುದು ಈ ಒಂದು ನೃತ್ಯ. ಪೋಸ್ಟರ್ ಮಾಡುವವರು ಈ ಚಿತ್ರ ಎತ್ತಿಕೊಂಡು ಆ ಹೆಸರು ಅಂಟಿಸಿದರು.

ಇಬ್ಬರನ್ನು ಗುರುತಿಸಲು ವೇಷವೇ ಸಾಕು. ಮ್ಯುಸಿದೋರಾಳದ್ದು ಮೈಗಂಟಿದ ಕಪ್ಪು ರೇಷ್ಮೆಯ ಉಡುಪು, ತಲೆಗೂ ಕಪ್ಪು ಮುಸುಕು, ಗೋಡೆ ಹತ್ತಲು ಹೊರಟ ಕಳ್ಳಿಯ ಸಜ್ಜು. ರೆಕ್ಕೆ ಇಲ್ಲವೇ ಇಲ್ಲ. ನಾಪಿಯೆರ್ಕೊವ್‌ಸ್ಕಾ ತೊಟ್ಟದ್ದು ತೋಳಿನುದ್ದಕ್ಕೂ ಬಿಚ್ಚಿಕೊಳ್ಳುವ ರಂಗದ ರೆಕ್ಕೆ. ಫೋಟೋದಲ್ಲಿ ಬಿಳಿ ಬಟ್ಟೆಯ ಹುಡುಗಿಯೂ ಇದ್ದರೆ ಮತ್ತೆ ಯೋಚಿಸಬೇಕಿಲ್ಲ.

ಇನ್ನು ವೇಗದ ಮಾತು. ಬಹಳ ಜನ ಈ ನೃತ್ಯವನ್ನು ನೋಡಿ ನಕ್ಕು ಬಿಡುತ್ತಾರೆ, ಆಕೆ ಗಡಬಡಿಸಿ ಕುಣಿದಂತೆ ಕಾಣುತ್ತದೆ. ತಪ್ಪು ಆಕೆಯದಲ್ಲ, ಕಾಪಿಯದು. ಆಗ ಕ್ಯಾಮೆರಾಮನ್ ಕೈಯಲ್ಲಿ ಹಿಡಿ ತಿರುಗಿಸಿ ಚಿತ್ರ ತೆಗೆಯುತ್ತಿದ್ದ. ಸೆಕೆಂಡಿಗೆ 16ರಿಂದ 18 ಫ್ರೇಮ್ ಸಾಮಾನ್ಯ. ಟಾಕಿ ಬಂದ ಮೇಲೆ 24 ಎಂದು ನಿಗದಿಯಾಯಿತು. 35 ಮಿ.ಮೀ. ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮ್, ಸಾವಿರ ಅಡಿಯ ರೀಲಿನಲ್ಲಿ 16,000. 16ರ ವೇಗದಲ್ಲಿ ಅದು 16 ನಿಮಿಷ 40 ಸೆಕೆಂಡ್ ಓಡುತ್ತದೆ, 24ರಲ್ಲಿ ಹೆಚ್ಚುಕಡಿಮೆ 11 ನಿಮಿಷಕ್ಕೇ ಮುಗಿಯುತ್ತದೆ. ಮಾತಿನ ದೃಶ್ಯದಲ್ಲಿ ಇದು ಬರೀ ಚುರುಕಾಗಿ ಕಂಡೀತು, ನೃತ್ಯದಲ್ಲಿ ಎಲ್ಲವೂ ಹಾಳು. ಭಾರ ಹೊರುವುದು, ತಡೆಯುವುದು, ನಿಲ್ಲುವುದು ಯಾವುದೂ ಕಾಣದೆ ಬರೀ ಕೈಕಾಲು ಬಡಿತ ಉಳಿಯುತ್ತದೆ.

ನಿಮ್ಮ ಕಾಪಿಯ ವೇಗ ಸರಿಯಿದೆಯೇ ಎಂದು ತಿಳಿಯಲು ಬಟ್ಟೆ ನೋಡಿ. ಕೈಬಿಟ್ಟ ಬಟ್ಟೆ, ಬೀಳುವ ಮೈ, ನೆಗೆತ ಇವು ಯಾರ ಅಭಿನಯಕ್ಕೂ ಬಗ್ಗುವುದಿಲ್ಲ. ಒಂದು ಅಡಿ ಎತ್ತರಕ್ಕೆ ನೆಗೆದವರು ಮೇಲೆ ಹೋಗಿ ನೆಲ ಮುಟ್ಟಲು ಒಟ್ಟು ಅರ್ಧ ಸೆಕೆಂಡ್ ಬೇಕು. 16ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಅದು ಮೂರನೇ ಒಂದು ಸೆಕೆಂಡಿಗೆ ಇಳಿಯುತ್ತದೆ, ಕಣ್ಣಿಗೆ ಕೂಡಲೇ ಹತ್ತುತ್ತದೆ. ಹಾಗಿದ್ದರೆ ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ವೇಗವನ್ನು 0.75 ಮಾಡಿ. ವಿಎಲ್‌ಸಿ ಪ್ಲೇಯರ್‌ನಲ್ಲಾದರೆ ಪ್ಲೇಬ್ಯಾಕ್ ಮೆನುವಿನಲ್ಲಿ 0.67ರಿಂದ 0.75ರ ನಡುವೆ ಹೊಂದಿಸಿಕೊಳ್ಳಿ. ಸಂಗೀತ ಎಳೆದಂತೆ ಕೇಳಿಸುತ್ತದೆ, ಮ್ಯೂಟ್ ಮಾಡಿಬಿಡಿ, ಹೇಗಿದ್ದರೂ ಅದು ಆಮೇಲೆ ಸೇರಿಸಿದ್ದು. ಆದರೆ ರೆಸ್ಟೋರ್ ಮಾಡಿದ ಕಾಪಿಗಳಲ್ಲಿ ವೇಗ ಮೊದಲೇ ಸರಿಪಡಿಸಿರುತ್ತಾರೆ. ಅದನ್ನು ಮತ್ತೆ ನಿಧಾನ ಮಾಡಿದರೆ ಎಲ್ಲರೂ ನೀರೊಳಗೆ ನಡೆದಂತೆ ಕಾಣುತ್ತಾರೆ. ಮೊದಲು ಪರೀಕ್ಷೆ, ಆಮೇಲೆ ತಿದ್ದುಪಡಿ.

ಎರಡನೇ ಕಾಟ ಆಕಾರದ್ದು. ಮೂಲ ಚೌಕಟ್ಟು ಅಗಲಕ್ಕೆ 4, ಎತ್ತರಕ್ಕೆ 3. ಟಿವಿ ಅದನ್ನು 16:9ಕ್ಕೆ ಎಳೆದರೆ ಎಲ್ಲವೂ ಮೂರನೇ ಒಂದು ಪಾಲು ಅಗಲವಾಗುತ್ತದೆ, ತೆಳ್ಳಗಿನವರೂ ದಪ್ಪಗಾಗುತ್ತಾರೆ. ಮೇಲೆ ಕೆಳಗೆ ಕತ್ತರಿಸಿದ್ದರೆ ಇನ್ನೂ ಕೆಟ್ಟದ್ದು, ಪಾದವೇ ಮಾಯ. ಫೋಯಾದ್ ಕ್ಯಾಮೆರಾವನ್ನು ಒಂದೆಡೆ ನಿಲ್ಲಿಸಿ, ತಲೆಯಿಂದ ಪಾದದವರೆಗೆ ಮೈ ಕಾಣುವಂತೆ ದೂರದಿಂದ ತೆಗೆಯುವವನು. ಇಂದಿನವರಿಗೆ ಅದು ಹಳೇ ಶೈಲಿ ಅನ್ನಿಸಬಹುದು, ನೃತ್ಯದ ಮಟ್ಟಿಗೆ ಅದಕ್ಕಿಂತ ಒಳ್ಳೆಯ ದಾಖಲೆ ಸಿಗದು. ನಡುನಡುವೆ ಮುಖದ ಕ್ಲೋಸಪ್ ಹಾಕಿ ಹೆಜ್ಜೆ ನುಂಗಿಲ್ಲ.

ರೆಕ್ಕೆ ಬರೀ ಕಪ್ಪು ಮಚ್ಚೆಯಾಗಿ ಕಂಡರೆ ಅದಕ್ಕೂ ಕಾರಣವಿದೆ. ಆ ಕಾಲದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಬಣ್ಣ ಹತ್ತುತ್ತಿರಲಿಲ್ಲ, ಕೆಂಪು ತುಟಿಯೂ ಕಪ್ಪಾಗಿಯೇ ಬರುತ್ತಿತ್ತು. ಅದಕ್ಕೇ ಮುಖಕ್ಕೆ ಅಷ್ಟು ಬಿಳಿ ಬಳಿಯುತ್ತಿದ್ದದ್ದು. ಕಾಪಿಯಿಂದ ಕಾಪಿ ತೆಗೆದಂತೆಲ್ಲ ಬಿಳಿ ಇನ್ನೂ ಬಿಳಿ, ಕಪ್ಪು ಇನ್ನೂ ಕಪ್ಪಾಗುತ್ತದೆ. ಒಳ್ಳೆಯ ಕಾಪಿಯಲ್ಲಿ ಕಾಣುವ ರೆಕ್ಕೆಯ ಮಡಿಕೆಗಳು ಕೆಟ್ಟ ಕಾಪಿಯಲ್ಲಿ ಅಳಿಸಿಹೋಗಿರುತ್ತವೆ. 1996ರಲ್ಲಿ ಫೋಯಾದ್‌ನ ಮೊಮ್ಮಗ ಝಾಕ್ ಶಾಂಪ್ರೋ ಅವರ ಮೇಲ್ವಿಚಾರಣೆಯಲ್ಲಿ ಫ್ರಾನ್ಸಿನ ಸಿನಿಮಾ ಸಂಗ್ರಹಾಲಯ ಸಿನೆಮಾಟೆಕ್ ಫ್ರಾಂಸೇಸ್ ರೆಸ್ಟೋರ್ ಮಾಡಿದ ಆವೃತ್ತಿ ಸಿಕ್ಕರೆ ಅದನ್ನೇ ಹಿಡಿಯಿರಿ.

ಈಗ ನಾಪಿಯೆರ್ಕೊವ್‌ಸ್ಕಾ ಅವರ ಬದುಕಿಗೆ ಬರೋಣ. ಪ್ಯಾರಿಸ್‌ನ ಒಪೆರಾ ಕೊಮಿಕ್‌ನಲ್ಲಿ, ಫೋಲಿ ಬೆರ್ಜೇರ್‌ನಲ್ಲಿ ಕುಣಿದವರು. ಮಾರ್ಫಾ ಪಾತ್ರಕ್ಕೆ ಬರುವ ಹೊತ್ತಿಗೆ ರಂಗದ ಮೇಲೂ ತೆರೆಯ ಮೇಲೂ ಗೊತ್ತಿರುವ ಹೆಸರು. 1911ರಲ್ಲಿ ಅಲ್ಬೇರ್ ಕಾಪೆಲಾನಿ ಪಾತೆ ಕಂಪನಿಗೆ ವಿಕ್ಟರ್ ಹ್ಯೂಗೊನ ‘ನೋತ್ರ್ ದಾಮ್’ ಕಾದಂಬರಿಯನ್ನು ಚಿತ್ರ ಮಾಡಿದಾಗ ಎಸ್ಮೆರಾಲ್ಡಾ ಆಕೆಯೇ. ಫ್ರೆಂಚ್ ಹಾಸ್ಯನಟ ಮ್ಯಾಕ್ಸ್ ಲಿಂದರ್‌ನ ಕೆಲವು ಹಾಸ್ಯಚಿತ್ರಗಳಲ್ಲೂ ನಟಿಸಿದರು. 1913ರ ಅಮೆರಿಕ ಪ್ರವಾಸದಲ್ಲಿ, ನೃತ್ಯ ಅಶ್ಲೀಲವಾಗಿದೆ ಎಂದು ನ್ಯೂಯಾರ್ಕ್‌ನಲ್ಲಿ ಪೊಲೀಸರು ಬಂಧಿಸಿದ್ದೂ ಉಂಟು.

ಚರಿತ್ರೆಯಲ್ಲಿ ಆಕೆಗೆ ಸಲ್ಲಬೇಕಾದ ಇನ್ನೊಂದು ಪಾಲನ್ನು ಯಾರೂ ಹೇಳುವುದಿಲ್ಲ. 1914ರಲ್ಲಿ ಚಿತ್ರೀಕರಣಕ್ಕೆಂದು ರೋಮ್‌ಗೆ ಹೊರಟಾಗ ಗೆಳತಿಯೊಬ್ಬರು ಜೊತೆಗೆ ಹೋದರು. ಸಿನಿಮಾ ಕೆಲಸವನ್ನು ಹತ್ತಿರದಿಂದ ನೋಡಿದ ಆ ಗೆಳತಿ ಮರಳಿ ಬಂದು ತಾವೇ ನಿರ್ದೇಶನಕ್ಕಿಳಿದರು. ಅವರೇ ಜೆರ್ಮೆನ್ ದ್ಯುಲಾಕ್, ಫ್ರೆಂಚ್ ಪ್ರಯೋಗಶೀಲ ಸಿನಿಮಾದ ದೊಡ್ಡ ಹೆಸರು. 1917ರ ‘ವೆನುಸ್ ವಿಕ್ಟ್ರಿಕ್ಸ್’ ಚಿತ್ರದಲ್ಲಿ ಆಕೆ ಇದೇ ಗೆಳತಿಯ ನಿರ್ದೇಶನದಲ್ಲಿ ನಟಿಸಿದರು. ಅದೇ ವರ್ಷ ತಾವೂ ಒಂದು ಚಿತ್ರ ನಿರ್ದೇಶಿಸಿದರು.

ಅತಿ ದೊಡ್ಡ ಪಾತ್ರ ಬಂದದ್ದು 1921ರಲ್ಲಿ. ಪಿಯೇರ್ ಬೆನ್ವಾ ಬರೆದು ಭಾರಿ ಮಾರಾಟವಾಗಿದ್ದ ‘ಲಾಟ್ಲಾಂಟೀಡ್’ ಕಾದಂಬರಿಯನ್ನು ಜಾಕ್ ಫೆದೇರ್ ಸಿನಿಮಾ ಮಾಡಲು ಹೊರಟರು. ಸಹಾರಾದಲ್ಲಿ ಅಡಗಿದ ರಾಜ್ಯ, ಅಲ್ಲಿಗೆ ದಾರಿ ತಪ್ಪಿ ಬಂದ ಫ್ರೆಂಚ್ ಅಧಿಕಾರಿಗಳು, ಅವರನ್ನು ಮರುಳು ಮಾಡಿ ಕೊಲ್ಲುವ ರಾಣಿ ಆಂತಿನೆಯಾ. ಸ್ಟುಡಿಯೋದಲ್ಲಿ ಮರಳು ಸುರಿದು ತೆಗೆಯುವುದು ಬೇಡವೆಂದು ಫೆದೇರ್ ಇಡೀ ತಂಡವನ್ನು ಅಲ್ಜೀರಿಯಾಕ್ಕೆ ಕರೆದೊಯ್ದು ತಿಂಗಳುಗಟ್ಟಲೆ ಚಿತ್ರೀಕರಿಸಿದರು. ಒಳಾಂಗಣದ ದೃಶ್ಯಗಳನ್ನೂ ಅಲ್ಜಿಯರ್ಸ್ ಹೊರವಲಯದಲ್ಲಿ ಡೇರೆ ಹಾಕಿ ಅಲ್ಲೇ ತೆಗೆದರು. ರಾಣಿಯಾಗಿ ನಾಪಿಯೆರ್ಕೊವ್‌ಸ್ಕಾ.

ಆಯ್ಕೆಯಾದಾಗ ಇದ್ದದ್ದಕ್ಕಿಂತ ಚಿತ್ರೀಕರಣಕ್ಕೆ ಬಂದಾಗ ಆಕೆ ಮೈ ತುಂಬಿಕೊಂಡಿದ್ದರು, ಫೆದೇರ್‌ಗೆ ಅದು ಸಮಾಧಾನವಿರಲಿಲ್ಲ. ಈ ಕಥೆಯನ್ನು ನೂರು ವರ್ಷದಿಂದ ಚಪ್ಪರಿಸಿಕೊಂಡು ಹೇಳುತ್ತಿದ್ದಾರೆ, ಸಿನಿಮಾ ನೋಡದವರೇ ಹೆಚ್ಚು. ನಿಜವಾದ ತೊಡಕು ತೂಕದಲ್ಲಿಲ್ಲ, ಪಾತ್ರದಲ್ಲಿದೆ. ಆಂತಿನೆಯಾ ಬಹುಪಾಲು ದಿಂಬಿಗೆ ಒರಗಿ ಕಣ್ಣಲ್ಲೇ ಆಳುವವಳು. ಮೈಯಿಂದ ಮಾತಾಡುವ ನರ್ತಕಿಯನ್ನು ಕರೆತಂದು ಕೂರಿಸಿದರೆ ಆಕೆಗೆ ಉಳಿಯುವುದು ಹುಬ್ಬು, ತುಟಿ. ಎದ್ದು ನಡೆಯುವ ಕ್ಷಣಗಳಲ್ಲಿ ಮಾತ್ರ ರಾಣಿ ಕಾಣುತ್ತಾಳೆ. ವಿಮರ್ಶಕ ಲೂಯಿ ದೆಲ್ಯುಕ್, ಈ ಸಿನಿಮಾದಲ್ಲಿ ಒಬ್ಬ ಮಹಾನಟನಿದ್ದಾನೆ, ಅದು ಮರಳು ಎಂದು ಕುಟುಕಿದ. ಜನ ಮಾತ್ರ ಮುಗಿಬಿದ್ದರು, ಪ್ಯಾರಿಸ್‌ನಲ್ಲಿ ದೀರ್ಘಕಾಲ ಓಡಿತು.

ಈ ಚಿತ್ರದ ಫೋಟೋ ಹುಡುಕುವಾಗಲೂ ಎಚ್ಚರ. 1932ರಲ್ಲಿ ಜಿ. ಡಬ್ಲ್ಯೂ. ಪಾಬ್ಸ್ಟ್ ಇದೇ ಕಥೆಯನ್ನು ಟಾಕಿ ಮಾಡಿದಾಗ ರಾಣಿಯಾದದ್ದು ಜರ್ಮನ್ ನಟಿ ಬ್ರಿಗಿಟ್ಟೆ ಹೆಲ್ಮ್. ಚೂಪು ಮುಖ, ತಿಳಿ ಬಣ್ಣದ ಕೂದಲು ಇದ್ದರೆ ಹೆಲ್ಮ್.

ಆಂತಿನೆಯಾ ಆದಮೇಲೆ ಆಕೆ ಕೆಲವೇ ಚಿತ್ರ ಮಾಡಿದರು. 1920ರ ದಶಕ ಮುಗಿಯುವ ಮೊದಲೇ ತೆರೆಯಿಂದ ಸರಿದರು, ಟಾಕಿಗೆ ಬರಲಿಲ್ಲ. 1945ರ ಮೇನಲ್ಲಿ ಪ್ಯಾರಿಸ್‌ನಲ್ಲೇ ತೀರಿಕೊಂಡರು. ಮ್ಯುಸಿದೋರಾ 1957ರವರೆಗೆ ಬದುಕಿ, ಕೊನೆಗಾಲದಲ್ಲಿ ಸಿನೆಮಾಟೆಕ್‌ನಲ್ಲೇ ಕೆಲಸ ಮಾಡಿದರು.

ಫಿಲ್ಮ್ ಸೊಸೈಟಿಯಲ್ಲಿ ತೋರಿಸುವ ಆಲೋಚನೆಯಿದ್ದರೆ: ಭಾರತದಲ್ಲಿ ಸಿನಿಮಾದ ಹಕ್ಕುಸ್ವಾಮ್ಯ ಬಿಡುಗಡೆಯ ನಂತರ 60 ವರ್ಷ, ಹಾಗಾಗಿ 1915ರ ಮೂಲ ಚಿತ್ರಕ್ಕೆ ತಕರಾರಿಲ್ಲ. ಹೊಸದಾಗಿ ಸೇರಿಸಿದ ಸಂಗೀತಕ್ಕೆ ಬೇರೆ ಹಕ್ಕಿರುತ್ತದೆ, ಡಿಸ್ಕ್ ಹೊರತಂದವರ ಅನುಮತಿ ಕೇಳಬೇಕು. ಏಳು ಗಂಟೆ ಕೂರಿಸಲಾಗದಿದ್ದರೆ ಎರಡನೇ ಮತ್ತು ಮೂರನೇ ಕಂತನ್ನು ಒಟ್ಟಿಗೆ ಹಾಕಿ. ಒಂದು ಗಂಟೆಯೊಳಗೆ ಇಬ್ಬರನ್ನೂ ನೋಡಿದಂತಾಗುತ್ತದೆ.