ಕಾಗೆಯ ಚೇಷ್ಟೆ, ಕೋತಿಯ ಚೇಷ್ಟೆ

ಸಂಸ್ಕೃತ ಕಲಿಯಲು ಕುಳಿತ ಕನ್ನಡದ ವಿದ್ಯಾರ್ಥಿ ತಪ್ಪದೆ ಎಡವುವ ಒಂದು ಸುಭಾಷಿತವಿದೆ. "ಕಾಕಚೇಷ್ಟಾ ಬಕಧ್ಯಾನಂ ಶ್ವಾನನಿದ್ರಾ ತಥೈವ ಚ" ಎಂದು ಅದರ ಆರಂಭ. ಒಳ್ಳೆಯ ವಿದ್ಯಾರ್ಥಿಯ ಐದು ಲಕ್ಷಣಗಳನ್ನು ಅದು ಹೇಳುತ್ತದೆ. ಕೊಕ್ಕರೆಯ ಏಕಾಗ್ರತೆ, ನಾಯಿಯ ಎಚ್ಚರದ ನಿದ್ದೆ, ಹಿತಮಿತವಾದ ಊಟ, ಮನೆಯ ಮೋಹ ಬಿಡುವುದು ಇವೆಲ್ಲ ಸರಿ. ಆದರೆ ಪಟ್ಟಿಯ ತಲೆಯಲ್ಲೇ ಕಾಗೆಯ ಚೇಷ್ಟೆ ಏಕೆ ಕುಳಿತಿದೆ? ಶಾಲೆಯ ಪರೀಕ್ಷೆಯಲ್ಲಿ ನಾನು ಇದಕ್ಕೆ "ವಿದ್ಯಾರ್ಥಿಯು ಕಾಗೆಯಂತೆ ತಂಟೆ ಮಾಡಬೇಕು" ಎಂದು ಅರ್ಥ ಬರೆದಿದ್ದೆ. ಮೇಷ್ಟರು ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿ, ಪಕ್ಕದಲ್ಲಿ "ಅದನ್ನು ನೀನು ಈಗಾಗಲೇ ಮಾಡುತ್ತಿದ್ದೀಯೆ" ಎಂದು ಬರೆದಿದ್ದರು.

ಶ್ಲೋಕದಲ್ಲಿರುವ ಚೇಷ್ಟೆ ಎಂದರೆ ಪ್ರಯತ್ನ. ಓಡಿಸಿದಷ್ಟೂ ಮತ್ತೆ ಬಂದು ಹಪ್ಪಳಕ್ಕೆ ಕೊಕ್ಕು ಹಾಕುವ ಕಾಗೆಯ ಹಟ ಅದು. ಹಪ್ಪಳ ಒಣಗಿಸಿದವರು ಅದನ್ನು ಕನ್ನಡದ ಅರ್ಥದಲ್ಲೇ ಚೇಷ್ಟೆ ಎನ್ನುತ್ತಾರೆ, ಆ ಮಾತು ಬೇರೆ.

ಎರಡನೆಯ ಸಲ ಎಡವಿದ್ದು ಹಾಸ್ಟೆಲಿನಲ್ಲಿ. ಕೋಣೆಯಲ್ಲಿ ಜೊತೆಗಿದ್ದ ಬಂಗಾಳಿ ಹುಡುಗ ಪ್ರತಿ ರಾತ್ರಿ ಫೋನಿನಲ್ಲಿ ತಾಯಿಗೆ "ಚೇಷ್ಟಾ ಕೋರ್ಛಿ ಮಾ, ಚೇಷ್ಟಾ ಕೋರ್ಛಿ" ಎಂದು ಬಹಳ ದೀನವಾಗಿ ಹೇಳುತ್ತಿದ್ದ. ಇಷ್ಟು ಸಾಧು ಹುಡುಗ ಅಂಥದ್ದೇನು ಕಿತಾಪತಿ ಮಾಡಿ ತಾಯಿಯ ಮುಂದೆ ಒಪ್ಪಿಕೊಳ್ಳುತ್ತಿದ್ದಾನೆ ಎಂದು ನನಗೆ ಆಶ್ಚರ್ಯ. ಅವನು ಹೇಳುತ್ತಿದ್ದುದು "ಪ್ರಯತ್ನ ಮಾಡುತ್ತಿದ್ದೇನೆ ಅಮ್ಮ" ಎಂದು. ಹಿಂದಿಯ ಗ್ರಂಥಭಾಷೆಯಲ್ಲೂ ಚೇಷ್ಟಾ ಎಂದರೆ ಪ್ರಯತ್ನವೇ. ಅದೇ ತಮಿಳಿಗೆ ಹೋದರೆ ಅದು "ಸೇಟ್ಟೈ" ಆಗಿ, ನಮ್ಮ ಹಾಗೆಯೇ ಮಕ್ಕಳ ತಂಟೆಯಾಗುತ್ತದೆ. 2013ರಲ್ಲಿ ಇದೇ ಹೆಸರಿನ ತಮಿಳು ಹಾಸ್ಯಚಿತ್ರವೊಂದು ಬಂದಿತ್ತು. ಮರಾಠಿಯಲ್ಲಿ ಚೇಷ್ಟಾ ಎಂದರೆ ಗೇಲಿ. "ಚೇಷ್ಟಾಮಸ್ಕರಿ" ಎಂಬ ಜೋಡಿಪದವೇ ಅಲ್ಲಿದೆ. ಒಂದೇ ಪದ, ಉತ್ತರದಲ್ಲಿ ಬೆವರು ಸುರಿಸುತ್ತಿದೆ, ದಕ್ಷಿಣದಲ್ಲಿ ಹಲ್ಲು ಕಿರಿಯುತ್ತಿದೆ.

ಈಗ ಮೂಲಕ್ಕೆ ಹೋಗೋಣ. ಸಂಸ್ಕೃತದಲ್ಲಿ ಚೇಷ್ಟಾ ಎಂದರೆ ಚಲನೆ, ದೇಹದ ಅಲುಗಾಟ, ಅದರಿಂದ ಕೆಲಸ, ನಡವಳಿಕೆ. ಒಳ್ಳೆಯದು ಕೆಟ್ಟದು ಎಂಬ ಬಣ್ಣ ಅದಕ್ಕಿಲ್ಲ. ಗೀತೆಯ ಆರನೆಯ ಅಧ್ಯಾಯದಲ್ಲಿ "ಯುಕ್ತಚೇಷ್ಟಸ್ಯ ಕರ್ಮಸು" ಎಂದು ಬರುವುದು ಕೆಲಸಗಳಲ್ಲಿ ಹದವರಿತು ತೊಡಗುವವನ ಬಗ್ಗೆ. ಪಾಣಿನಿಯ ಒಂದು ಸೂತ್ರದಲ್ಲಿಯೂ (2.3.12) ಈ ಪದವಿದೆ. ಮೈ ಅಲುಗಿಸಿ ಊರಿಗೆ ಹೋಗುವುದಾದರೆ "ಗ್ರಾಮಂ ಗಚ್ಛತಿ" ಎಂದು ದ್ವಿತೀಯೆ, "ಗ್ರಾಮಾಯ ಗಚ್ಛತಿ" ಎಂದು ಚತುರ್ಥಿ, ಎರಡೂ ವಿಭಕ್ತಿ ಸಲ್ಲುತ್ತವೆ. ಮನಸ್ಸಿನಿಂದ ಹರಿಯ ಬಳಿಗೆ ಹೋಗುವವನಿಗೆ ದ್ವಿತೀಯೆ ಮಾತ್ರ, ಏಕೆಂದರೆ ಅಲ್ಲಿ ಚೇಷ್ಟೆ ಇಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಗೌತಮರ ತರ್ಕಗ್ರಂಥವಾದ ನ್ಯಾಯಸೂತ್ರ ಶರೀರಕ್ಕೆ ಕೊಡುವ ಲಕ್ಷಣ: "ಚೇಷ್ಟೇಂದ್ರಿಯಾರ್ಥಾಶ್ರಯಃ ಶರೀರಮ್". ಚೇಷ್ಟೆಗೆ, ಇಂದ್ರಿಯಗಳಿಗೆ, ವಿಷಯಗಳಿಗೆ ಆಶ್ರಯವಾಗಿರುವುದು ಶರೀರ ಎಂದು ಗೌತಮರು ಗಂಭೀರವಾಗಿಯೇ ಹೇಳಿದ್ದಾರೆ. ಮೂರು ವರ್ಷದ ಮಗುವಿರುವ ಮನೆಯಲ್ಲಿ ಈ ಸೂತ್ರಕ್ಕೆ ಭಾಷ್ಯ ಬೇಕಾಗುವುದಿಲ್ಲ.

ಕನ್ನಡಕ್ಕೆ ಬರುವಾಗ ಮೊದಲು ರೂಪ ಬದಲಾಯಿತು. ಮಾಲಾ ಮಾಲೆಯಾದಂತೆ, ವಿದ್ಯಾ ವಿದ್ಯೆಯಾದಂತೆ, ಕೊನೆಯ ಆಕಾರ ಹೋಗಿ ಎಕಾರ ಬಂದು ಚೇಷ್ಟೆಯಾಯಿತು. ಆಮೇಲೆ ಅರ್ಥ ಕಿರಿದಾಯಿತು: ಎಲ್ಲ ಅಲುಗಾಟಗಳಲ್ಲಿ ಬೇಡದ ಅಲುಗಾಟ ಮಾತ್ರ ಉಳಿಯಿತು. ಭಾಷಾಶಾಸ್ತ್ರದ ಪುಸ್ತಕಗಳಲ್ಲಿ ಇಂಥದ್ದಕ್ಕೆ ಅರ್ಥಸಂಕೋಚ, ಹೀನಾರ್ಥಪ್ರಾಪ್ತಿ ಎಂಬ ಹೆಸರುಗಳಿವೆ. ಪರೀಕ್ಷೆಗೆ ಅಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ಹಾಗೆ ಏಕಾಯಿತು ಎಂಬುದು ಉಳಿಯುತ್ತದೆ.

ನನ್ನ ಊಹೆ ಹೀಗಿದೆ. ಕನ್ನಡದ ತಾಯಿ ಮಗುವನ್ನು ಗದರಿಸುವಾಗ "ಒಳ್ಳೆಯವನಾಗು" ಎನ್ನುವುದಿಲ್ಲ, "ಸುಮ್ಮನಿರು" ಎನ್ನುತ್ತಾಳೆ. ಸುಮ್ಮನಿರುವುದೇ ಒಳ್ಳೆಯತನ. "ಅವನ ಕೈ ಸುಮ್ಮನಿರುವುದಿಲ್ಲ" ಎಂದರೆ ದೂರು. "ಕೂತಲ್ಲಿ ಕೂರುವುದಿಲ್ಲ" ಎಂದರೂ ದೂರು. ಪುರಂದರದಾಸರ ಗುಮ್ಮನ ಹಾಡನ್ನು ನೆನಪಿಸಿಕೊಳ್ಳಿ. ಗುಮ್ಮನನ್ನು ಕರೆಯಬೇಡ ಎಂದು ಅಮ್ಮನಿಗೆ ಗೋಗರೆಯುವ ಕೃಷ್ಣ ಕೊಡುವ ಮೊದಲನೆಯ ಮಾತೇ ಸುಮ್ಮನಿರುತ್ತೇನೆ ಎಂಬುದು. ಅಳುವುದಿಲ್ಲ, ಮಣ್ಣು ತಿನ್ನುವುದಿಲ್ಲ ಎಂಬ ಕರಾರುಗಳೆಲ್ಲ ಅದರ ಹಿಂದೆ ಬರುತ್ತವೆ. ಸುಮ್ಮನಿರುವುದು ಸದ್ಗುಣವಾದ ಮನೆಯಲ್ಲಿ ಅಲುಗಾಟಕ್ಕೆ ಕೆಟ್ಟ ಹೆಸರು ಬರುವುದು ತಡವಾಗುವುದಿಲ್ಲ.

ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ಅದು ಎಲ್ಲಿ ಅಡಗಿದೆ ಗೊತ್ತೇ? ನಿಷೇಧದಲ್ಲಿ. "ಏಟು ಬಿದ್ದವನು ನಿಶ್ಚೇಷ್ಟಿತನಾಗಿ ಒರಗಿದ" ಎಂದು ಓದಿದಾಗ ಅವನು ತುಂಟತನ ಬಿಟ್ಟ ಎಂದು ಯಾರೂ ತಿಳಿಯುವುದಿಲ್ಲ. ಅಲುಗಾಟ ನಿಂತಿತು ಎಂದೇ ಅರ್ಥ. "ಅಂಗಚೇಷ್ಟೆ" ಎಂಬ ಸಮಾಸವೂ ಹಾಗೆಯೇ, ಮೈಯ ಹಾವಭಾವಗಳನ್ನು ಹೇಳುತ್ತದೆ. ಆದರೂ ಈಚಿನ ಬರಹದಲ್ಲಿ ಅದಕ್ಕೂ ಸ್ವಲ್ಪ ಕೋಡಂಗಿತನದ ವಾಸನೆ ಹತ್ತಿದೆ.

ಬಳಕೆಯಲ್ಲಿ ಮೂರು ಮಟ್ಟಗಳನ್ನು ಗುರುತಿಸಿಕೊಳ್ಳಿ. ಕೈಕಾಲಿನ ಚೇಷ್ಟೆ ಒಂದು; ಇದರ ಶಿಖರ ಕಪಿಚೇಷ್ಟೆ. ಪಂಚತಂತ್ರದ ಕೋತಿಯೇ ಇದಕ್ಕೆ ಮಾದರಿ. ಬಡಗಿಗಳು ಮರದ ದಿಮ್ಮಿಯನ್ನು ಅರ್ಧ ಸೀಳಿ, ಸೀಳಿಗೆ ಬೆಣೆ ಜಡಿದು ಊಟಕ್ಕೆ ಹೋಗಿದ್ದಾರೆ. ಕೋತಿ ಬಂದು ದಿಮ್ಮಿಯ ಮೇಲೆ ಕುಳಿತು, ತನ್ನ ಬಾಲ ಸೀಳಿನಲ್ಲಿ ಇಳಿಬಿದ್ದಿರುವುದನ್ನು ನೋಡದೆ, ಎರಡೂ ಕೈಯಿಂದ ಬೆಣೆ ಅಲ್ಲಾಡಿಸಿ ಕೀಳುತ್ತದೆ. ಅದಕ್ಕೆ ಬೆಣೆ ಬೇಕಾಗಿರಲಿಲ್ಲ, ಯಾರ ಮೇಲೂ ಹಗೆಯಿರಲಿಲ್ಲ. ಕೈ ಸುಮ್ಮನಿರಲಿಲ್ಲ, ಅಷ್ಟೆ. ಎರಡನೆಯದು ನಾಲಿಗೆಯ ಚೇಷ್ಟೆ: "ಅವಳನ್ನು ಚೇಷ್ಟೆ ಮಾಡಬೇಡ", "ಚೇಷ್ಟೆಗೆ ಹೇಳಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ". ಧಾರವಾಡದ ಕಡೆ ಇದೇ ಅರ್ಥ ಹೆಚ್ಚು, ಮರಾಠಿ ಪಕ್ಕದಲ್ಲೇ ಇದೆಯಲ್ಲ. ಮೂರನೆಯದು ಕುಚೇಷ್ಟೆ, ಕಾಮಚೇಷ್ಟೆ. ಇಲ್ಲಿ ನಗುವಿಗೆ ಜಾಗವಿಲ್ಲ.

ಸಿನಿಮಾ ಮತ್ತು ಟಿವಿ ಈ ಪದವನ್ನು ಶೀರ್ಷಿಕೆಗೆ ಅಷ್ಟಾಗಿ ಎತ್ತಿಕೊಂಡಿಲ್ಲ. ಅವುಗಳ ಮುದ್ದಿನ ಪದ ಕಿಲಾಡಿ. ಇದರ ಕಥೆಯೂ ಚೇಷ್ಟೆಯ ಕಥೆಯ ತಮ್ಮನಂತಿದೆ. ಹಿಂದಿಯಲ್ಲಿ ಖಿಲಾಡಿ ಎಂದರೆ ಆಟಗಾರ; ಕ್ರಿಕೆಟ್ ತಂಡದ ಹನ್ನೊಂದು ಮಂದಿಯೂ ಅಲ್ಲಿನ ಪತ್ರಿಕೆಗಳಲ್ಲಿ ಖಿಲಾಡಿಗಳೇ. ಕನ್ನಡದಲ್ಲಿ ಕಿಲಾಡಿ ಎಂದರೆ ಚಾಲಾಕಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಆಟ ಕಟ್ಟುವವನು. 1978ರಲ್ಲಿ "ಕಿಲಾಡಿ ಕಿಟ್ಟು", "ಕಿಲಾಡಿ ಜೋಡಿ" ಎಂಬ ಎರಡು ಕನ್ನಡ ಚಿತ್ರಗಳು ಬಂದವು. ಎರಡರಲ್ಲೂ ವಿಷ್ಣುವರ್ಧನ್ ಇದ್ದರು, ಮೊದಲನೆಯದರಲ್ಲಿ ರಜನೀಕಾಂತ್ ಕೂಡ. ಕಿಟ್ಟು ಎಂಬುದು ಕೃಷ್ಣನ ಮನೆಯ ಹೆಸರು ಎಂಬುದನ್ನು ಮರೆಯಬೇಡಿ. ಗುಮ್ಮನಿಗೆ ಹೆದರಿದವನೇ ಇಲ್ಲಿ ಪ್ಯಾಂಟು ತೊಟ್ಟು ಬಂದಂತಿದೆ. 2016ರಲ್ಲಿ ಜೀ ಕನ್ನಡ "ಕಾಮಿಡಿ ಕಿಲಾಡಿಗಳು" ಎಂದು ಹೆಸರಿಟ್ಟಾಗ ಪದ ಇನ್ನೊಂದು ಹೆಜ್ಜೆ ಇಟ್ಟಿತು: ಕಿಲಾಡಿ ಎಂದರೆ ನಗಿಸುವ ಕಲೆ ಬಲ್ಲವನು. ಬೈಗುಳವಾಗಿದ್ದುದು ಬಿರುದಾಯಿತು.

"ತುಂಟ"ನ ವಿಷಯದಲ್ಲಿ ನನಗೊಂದು ತಕರಾರಿದೆ. ಮಗುವಿಗೆ ಹೇಳಿದಾಗ ಅದರಷ್ಟು ಮುದ್ದಾದ ಪದ ಇನ್ನೊಂದಿಲ್ಲ. ಆದರೆ ಮೂವತ್ತು ದಾಟಿದ ನಾಯಕ ದಾರಿಗೆ ಅಡ್ಡ ನಿಂತು ಹುಡುಗಿಯನ್ನು ಕಾಡುವುದನ್ನೂ ನಮ್ಮ ಚಿತ್ರಗೀತೆಗಳು ತುಂಟತನವೆಂದೇ ಕರೆದಿವೆ. ಅದು ಮೇಲೆ ಹೇಳಿದ ಮೂರನೆಯ ಮಟ್ಟದ್ದು. ಮೊದಲನೆಯ ಮಟ್ಟದ ಅಂಗಿ ತೊಡಿಸಿದರೆ ಪದಕ್ಕೂ ಅನ್ಯಾಯ, ಹುಡುಗಿಗೂ ಅನ್ಯಾಯ.

ಎದುರು ದಿಕ್ಕಿಗೆ ನಡೆದ ಪದವೂ ಉಂಟು. ದಕ್ಷಿಣ ಕನ್ನಡದ ಅಜ್ಜಿಯೊಬ್ಬರು "ನಮ್ಮ ಮೊಮ್ಮಗನದು ವಿಪರೀತ ಲೂಟಿ" ಎಂದು ನಗುತ್ತ ಹೇಳಿದರೆ, ಮೈಸೂರಿನವರು ಪೊಲೀಸರಿಗೆ ತಿಳಿಸಬೇಕೇ ಎಂದು ಯೋಚಿಸಬಹುದು. ಬೇರೆಡೆ ಲೂಟಿ ಎಂದರೆ ಸುಲಿಗೆ, ಕರಾವಳಿಯಲ್ಲಿ ಮಕ್ಕಳ ತಂಟೆ. ಒಂದು ಕಡೆ ನಿರಪರಾಧಿಯಾದ ಅಲುಗಾಟಕ್ಕೆ ಶಿಕ್ಷೆಯಾಯಿತು, ಇನ್ನೊಂದು ಕಡೆ ದರೋಡೆಗೆ ಕ್ಷಮೆ ಸಿಕ್ಕಿತು.

ಪತ್ರಿಕೆ ಓದುವಾಗ ಒಂದು ಮೆಟ್ಟಿಲುಸಾಲನ್ನು ಗಮನಿಸಿ. ಗೋಡೆಗೆ ಸೀಮೆಸುಣ್ಣದಲ್ಲಿ ಗೀಚಿದವನು ತುಂಟ. ಪ್ರತಿಮೆಗೆ ಮಸಿ ಬಳಿದವರು "ಕಿಡಿಗೇಡಿಗಳು". ಚಾಕು ಹಿಡಿದು ಬಂದರೆ "ದುಷ್ಕರ್ಮಿಗಳು". ಕಿಡಿಗೇಡಿಯ ಕೊನೆಯಲ್ಲಿರುವ "ಗೇಡಿ"ಯನ್ನು ನಾಚಿಕೆಗೇಡಿ, ಮಾನಗೇಡಿಗಳಲ್ಲೂ ನೋಡಬಹುದು. ಕೆಡು ಎಂಬ ಧಾತುವಿನದು ಅದು. ತುಂಟನಿಗೆ ವರದಿಯಲ್ಲಿ ಜಾಗವೇ ಇಲ್ಲ, ಅವನು ಶಾಲೆಯ ಕಥೆಗಳಲ್ಲಿ ಮಾತ್ರ ಸಿಗುತ್ತಾನೆ.

ಅಭ್ಯಾಸಕ್ಕೆ ಒಂದು ವಾಕ್ಯ. ಇದನ್ನು ಬಂಗಾಳಿ ಗೆಳೆಯನಿಗೆ ಹೇಗೆ ವಿವರಿಸುತ್ತೀರಿ, ಬರೆದು ನೋಡಿ: "ಬೆಣೆ ಕಿತ್ತ ಕೋತಿಯ ಚೇಷ್ಟೆ ಅಲ್ಲಿಗೆ ಮುಗಿಯಿತು, ಬಡಗಿಗಳು ಊಟ ಮುಗಿಸಿ ಬಂದಾಗ ಅದು ನಿಶ್ಚೇಷ್ಟಿತವಾಗಿ ಬಿದ್ದಿತ್ತು."