ಬೆಂಕಿಗೆ ತಪ್ಪು ಹೆಸರಿಟ್ಟ ಮೇಷ್ಟ್ರು

ಹೈಸ್ಕೂಲಿನ ಕೆಮಿಸ್ಟ್ರಿ ಪಾಠದಲ್ಲಿ ಒಂದು ಸಾಲು ಬಂದು ಹೋಗುತ್ತದೆ. 'ವಸ್ತು ಉರಿಯುವಾಗ ಅದರೊಳಗಿನ ಫ್ಲಾಜಿಸ್ಟನ್ ಹೊರಗೆ ಹೋಗುತ್ತದೆ ಅಂತ ಹಿಂದಿನವರು ನಂಬಿದ್ದರು. ಫ್ರಾನ್ಸಿನ ವಿಜ್ಞಾನಿ ಲವಾಸಿಯೆ ಅದು ಸುಳ್ಳು ಎಂದು ತೋರಿಸಿದ.' ಅಷ್ಟೇ, ಮುಂದಿನ ಪುಟ. ನಂಬಿದ್ದವರು ಯಾರು, ಯಾಕೆ ನಂಬಿದ್ದರು ಅಂತ ಯಾರೂ ಕೇಳುವುದಿಲ್ಲ.

ಆ ನಂಬಿಕೆಗೆ ಗಟ್ಟಿ ರೂಪ ಕೊಟ್ಟವನು ಗೇಯಾರ್ಗ್ ಎರ್ನ್ಸ್ಟ್ ಶ್ಟಾಲ್. ಜರ್ಮನ್‌ನಲ್ಲಿ ಶ್ಟಾಲ್ ಅಂದರೆ ಉಕ್ಕು. ಲೋಹ, ತುಕ್ಕು, ಬೆಂಕಿ ಅಂತಲೇ ತಲೆ ಕೆಡಿಸಿಕೊಂಡ ಮನುಷ್ಯನಿಗೆ ಹೆಸರು ಚೆನ್ನಾಗಿಯೇ ಕೂಡಿ ಬಂದಿದೆ.

ಹುಟ್ಟಿದ್ದು 1659ರಲ್ಲಿ, ದಕ್ಷಿಣ ಜರ್ಮನಿಯ ಆನ್ಸ್‌ಬಾಖ್ ಊರಿನಲ್ಲಿ. ಯೇನಾ ವಿಶ್ವವಿದ್ಯಾಲಯದಲ್ಲಿ ವೈದ್ಯ ಓದಿ 1684ರಲ್ಲಿ ಪದವಿ ಪಡೆದ. ಅಲ್ಲೇ ಕೆಮಿಸ್ಟ್ರಿ ಪಾಠವನ್ನೂ ಶುರು ಮಾಡಿದ. ಆಗ ಸೀಸ, ಪಾದರಸಗಳನ್ನು ಚಿನ್ನ ಮಾಡಬಹುದು ಅಂತ ಅವನೂ ನಂಬಿದ್ದ. ವಯಸ್ಸಾಗುತ್ತಾ ಆ ನಂಬಿಕೆ ಕರಗಿತು. ಚಿನ್ನದ ಆಸೆಗೆ ಬಿದ್ದು ಹಾಳಾಗಬೇಡಿ ಅಂತ ಬೇರೆಯವರಿಗೆ ಎಚ್ಚರಿಕೆ ಹೇಳುವ ಮಟ್ಟಕ್ಕೆ ಬಂದ. 1687ರಲ್ಲಿ ವೈಮಾರ್‌ನ ಡ್ಯೂಕ್‌ಗೆ ಆಸ್ಥಾನ ವೈದ್ಯನಾದ.

1694ರಲ್ಲಿ ಬ್ರಾಂಡನ್‌ಬರ್ಗಿನ ದೊರೆ ಹಾಲೆ ಊರಿನಲ್ಲಿ ಹೊಸ ವಿಶ್ವವಿದ್ಯಾಲಯ ತೆರೆದ. ವೈದ್ಯ ವಿಭಾಗಕ್ಕೆ ಮೊದಲು ಬಂದವನು ಫ್ರೀಡ್ರಿಖ್ ಹಾಫ್‌ಮನ್. ಎರಡನೇ ಪ್ರೊಫೆಸರ್ ಶ್ಟಾಲ್. ಅವನನ್ನು ಕರೆಸಿದ್ದೂ ಹಾಫ್‌ಮನ್ನನೇ. ಆಮೇಲೆ ಇಬ್ಬರಿಗೂ ಆಗಿಬರಲಿಲ್ಲ. ಕರೆಸಿಕೊಂಡವನ ಜೊತೆಗೇ ಜಟಾಪಟಿ, ಇದೇನು ಹೊಸದಲ್ಲ, ಅಲ್ವಾ?

ಆಗ ಕೆಮಿಸ್ಟ್ರಿಗೆ ಇನ್ನೂ ಸ್ವಂತ ಮನೆ ಇರಲಿಲ್ಲ ಅನ್ನುವುದು ನೆನಪಿರಬೇಕು. ಮಾರ್ಬುರ್ಗ್‌ನಲ್ಲಿ 1609ರಲ್ಲೇ ಯೋಹಾನೆಸ್ ಹಾರ್ಟ್‌ಮನ್‌ಗೆ ಒಂದು ಹುದ್ದೆ ಸಿಕ್ಕಿತ್ತು. ಅದೂ ರಾಸಾಯನಿಕ ಔಷಧ ಮಾಡುವುದನ್ನು ಕಲಿಸಲು. ಹಾಗಾಗಿ ಶ್ಟಾಲ್ ಕೂಡ ಕಾಗದದ ಮೇಲೆ ವೈದ್ಯ ಪ್ರೊಫೆಸರ್. ಗಂಧಕ, ಉಪ್ಪು, ಅದಿರುಗಳ ಪಾಠ ಅದರ ಜೊತೆಗೆ.

ತಮಾಷೆ ಏನೆಂದರೆ, ವೈದ್ಯನಿಗೆ ಕೆಮಿಸ್ಟ್ರಿಯಿಂದ ದೊಡ್ಡ ಪ್ರಯೋಜನ ಇಲ್ಲ ಅಂತ ಹೇಳುತ್ತಿದ್ದವನೂ ಇವನೇ. ಅವನ ವಾದ ಹೀಗೆ. ಮಾಂಸ ಎರಡು ದಿನ ಬಿಟ್ಟರೆ ಕೊಳೆಯುತ್ತದೆ. ನಮ್ಮ ಮೈಯೂ ಅದೇ ಮಾಂಸ, ಆದರೆ ಬದುಕಿರುವಾಗ ಕೊಳೆಯುವುದಿಲ್ಲ. ಯಾಕೆ? ಒಳಗೆ ಆತ್ಮ ಕಾಯುತ್ತಿದೆ. ಜ್ವರ ಕೂಡ ಆ ಆತ್ಮ ಮೈಯನ್ನು ಸರಿಪಡಿಸುವ ಯತ್ನ, ಅದನ್ನು ಅಡಗಿಸಬಾರದು. ಹಾಗಾಗಿ ಚಳಿಜ್ವರಕ್ಕೆ ಕೊಡುತ್ತಿದ್ದ ಸಿಂಕೋನಾ ತೊಗಟೆಯನ್ನೂ ಆತ ಒಪ್ಪಲಿಲ್ಲ. ರೋಗಿಗಳ ಪಾಡು ಏನಾಗಿತ್ತೋ! ಈ ವಾದವನ್ನು 1708ರಲ್ಲಿ ಒಂದು ದಪ್ಪ ಪುಸ್ತಕವಾಗಿ ತಂದ. ತತ್ವಜ್ಞಾನಿ, ಗಣಿತಜ್ಞ ಲೈಬ್ನಿಟ್ಸ್‌ನಂಥ ದೊಡ್ಡ ತಲೆ ಆಕ್ಷೇಪ ಬರೆದು ಕಳಿಸಿದ. ಲೈಬ್ನಿಟ್ಸ್ ಸತ್ತ ಮೇಲೆ, 1720ರಲ್ಲಿ, ಶ್ಟಾಲ್ ಇಡೀ ಜಗಳವನ್ನು ಅಚ್ಚು ಹಾಕಿಸಿದ.

ಮೈಯಿಂದ ಕೆಮಿಸ್ಟ್ರಿಯನ್ನು ಹೊರಗಿಟ್ಟಿದ್ದರಿಂದ ಒಂದು ಲಾಭವೂ ಆಯಿತು ಅಂತ ನನಗೆ ಅನಿಸುತ್ತದೆ. ಕೆಮಿಸ್ಟ್ರಿ ಔಷಧದಂಗಡಿಯ ಚಾಕರಿ ಬಿಟ್ಟು ತನ್ನದೇ ಪ್ರಶ್ನೆ ಕೇಳತೊಡಗಿತು. 1697ರಲ್ಲಿ ಹುದುಗುವಿಕೆಯ ಬಗ್ಗೆ ಶ್ಟಾಲ್ ಬರೆದ. ಹುಳಿಯುತ್ತಿರುವ ವಸ್ತು ತನ್ನೊಳಗಿನ ಅಲುಗಾಟವನ್ನು ಪಕ್ಕದ ವಸ್ತುವಿಗೂ ಹಚ್ಚುತ್ತದೆ ಅಂದ. ಹಾಲಿಗೆ ಹೆಪ್ಪು ಹಾಕಿ ಗೊತ್ತಿರುವ ಯಾರಿಗೂ ಇದು ವಿಚಿತ್ರ ಅನಿಸುವುದಿಲ್ಲ. 1703ರಲ್ಲಿ ಬೆಖರ್ ಎಂಬ ಹಿರಿಯನ ಹಳೇ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿ, ಜೊತೆಗೆ ತನ್ನ ವಿವರಣೆ ಸೇರಿಸಿದ. ಉರಿಯುವ ವಸ್ತುಗಳಲ್ಲಿ 'ಜಿಡ್ಡು ಮಣ್ಣು' ಒಂದಿದೆ ಅಂತ ಬೆಖರ್ ಹೇಳಿದ್ದ. ಶ್ಟಾಲ್ ಅದನ್ನು ಫ್ಲಾಜಿಸ್ಟನ್ ಅಂದ. ಉರಿಯುವುದು ಎಂಬರ್ಥದ ಗ್ರೀಕ್ ಮಾತಿನಿಂದ ಬಂದ ಹೆಸರು.

ಹೆಸರು ಬದಲಾಯಿಸಿದ್ದೇನು ಮಹಾ ಅಂತ ಕೇಳಬಹುದು. ಶ್ಟಾಲ್ ಕೈಯಲ್ಲಿ ಒಂದು ಪ್ರಯೋಗವಿತ್ತು. ಅದನ್ನು ನಿಧಾನವಾಗಿ ನೋಡಬೇಕು.

ಗಂಧಕವನ್ನು ಉರಿಸಿದರೆ ಮೂಗು ಸುಡುವ ಹೊಗೆ ಬರುತ್ತದೆ. ಅದರಿಂದ ಆಮ್ಲ ಸಿಗುತ್ತದೆ. ಆಮ್ಲವನ್ನು ಪೊಟ್ಯಾಶ್, ಅಂದರೆ ಕಟ್ಟಿಗೆ ಬೂದಿಯಿಂದ ತೆಗೆದ ಕ್ಷಾರದ ಜೊತೆ ಸೇರಿಸಿದರೆ ಉಪ್ಪು, ಅದು ಬೆಂಕಿಗೆ ಹೆದರುವುದಿಲ್ಲ. ಈಗ ಆ ಉಪ್ಪಿಗೆ ಇನ್ನಷ್ಟು ಪೊಟ್ಯಾಶ್, ಒಂದಿಷ್ಟು ಇದ್ದಿಲ ಪುಡಿ ಬೆರೆಸಿ ಮೂಸೆಯಲ್ಲಿಟ್ಟು ಕರಗಿಸಿ. ಕಂದುಗೆಂಪು ಗಟ್ಟಿ ಆಗುತ್ತದೆ. ನೋಡಲು ಥೇಟ್ ಪಿತ್ತಜನಕಾಂಗದ ಬಣ್ಣ, ಅದಕ್ಕೇ ಹಳಬರು ಅದನ್ನು ಗಂಧಕದ ಲಿವರ್ ಅನ್ನುತ್ತಿದ್ದರು. ಅದನ್ನು ನೀರಿನಲ್ಲಿ ಕರಗಿಸಿ ಸ್ವಲ್ಪ ಹುಳಿ, ಅಂದರೆ ಆಮ್ಲ, ಬಿಟ್ಟರೆ ಕೊಳೆತ ಮೊಟ್ಟೆಯ ನಾತ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ತಳಕ್ಕೆ ಇಳಿಯುವ ಆ ಪುಡಿ ಏನು? ಮೊದಲು ಉರಿದುಹೋಗಿದ್ದ ಅದೇ ಗಂಧಕ!

ಈಗ ಅವನ ಜಾಗದಲ್ಲಿ ನಿಂತು ಯೋಚಿಸಿ. ಗಂಧಕ ಉರಿಯುವಾಗ ಏನೋ ಕಳೆದುಕೊಂಡಿತು. ಇದ್ದಿಲು ಅದನ್ನು ವಾಪಸ್ ಕೊಟ್ಟಿತು. ಸೀಸವನ್ನು ಕಾಯಿಸಿದರೆ ಭಸ್ಮ, ಭಸ್ಮಕ್ಕೆ ಇದ್ದಿಲು ಸೇರಿಸಿ ಕಾಯಿಸಿದರೆ ಮತ್ತೆ ಸೀಸ. ಅಲ್ಲೂ ಅದೇ ಕೊಡು-ಕೊಳ್ಳು. ಅದಿರು ಕರಗಿಸುವವರು ಇದ್ದಿಲು ಯಾಕೆ ಹಾಕುತ್ತಾರೆ, ಕಬ್ಬಿಣ ಯಾಕೆ ತುಕ್ಕು ಹಿಡಿಯುತ್ತದೆ, ಕಟ್ಟಿಗೆ ಉರಿದರೆ ಯಾಕೆ ಹಿಡಿ ಬೂದಿ ಮಾತ್ರ ಉಳಿಯುತ್ತದೆ, ಎಲ್ಲಕ್ಕೂ ಒಂದೇ ಉತ್ತರ. ಉರಿಯುವ ದೀಪದ ಮೇಲೆ ಲೋಟ ಮುಚ್ಚಿದರೆ ಯಾಕೆ ಆರುತ್ತದೆ? ಒಳಗಿನ ಗಾಳಿಗೆ ಹೊಟ್ಟೆ ತುಂಬಿತು, ಇನ್ನು ಫ್ಲಾಜಿಸ್ಟನ್ ಹಿಡಿಸುವುದಿಲ್ಲ. ಶ್ಟಾಲ್‌ಗಿಂತ ಮೊದಲು ಇದೆಲ್ಲವನ್ನೂ ಇಷ್ಟು ಗಟ್ಟಿಯಾಗಿ ಒಂದೇ ದಾರದಲ್ಲಿ ಪೋಣಿಸಿದವರು ಇರಲಿಲ್ಲ. ಉರಿಯುವುದು, ತುಕ್ಕು ಹಿಡಿಯುವುದು ಎರಡೂ ಒಂದೇ ಕೆಲಸ, ಅದನ್ನು ತಿರುವುಮುರುವು ಮಾಡಬಹುದು ಅನ್ನುವುದು ಇವತ್ತಿಗೂ ಸರಿ.

ಒಂದು ಮುಳ್ಳು ಮಾತ್ರ ಇತ್ತು. ಸೀಸದ ಭಸ್ಮ ಸೀಸಕ್ಕಿಂತ ಜಾಸ್ತಿ ತೂಗುತ್ತದೆ. ಏನೋ ಹೊರಗೆ ಹೋದರೆ ತೂಕ ಇಳಿಯಬೇಕಲ್ವಾ? ಇದು ಶ್ಟಾಲ್‌ಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು, ಆದರೆ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಅವನ ಕಾಲದ ಕೆಮಿಸ್ಟ್‌ಗಳು ಬಣ್ಣ, ವಾಸನೆ, ಕರಗುವ ರೀತಿ ನೋಡುತ್ತಿದ್ದರು. ತಕ್ಕಡಿ ಇತ್ತು, ಆದರೆ ಕೊನೆಯ ಮಾತು ತಕ್ಕಡಿಯದಾಗಿರಲಿಲ್ಲ.

1715ರ ಹೊತ್ತಿಗೆ ಶ್ಟಾಲ್ ಬರ್ಲಿನ್‌ಗೆ ಹೋದ. ಪ್ರಷ್ಯಾದ ದೊರೆ ಮೊದಲನೇ ಫ್ರೀಡ್ರಿಖ್ ವಿಲ್‌ಹೆಲ್ಮ್‌ಗೆ ಖಾಸಾ ವೈದ್ಯ. ಸಿಪಾಯಿಗಳ ಹುಚ್ಚಿನ ಈ ದೊರೆಗೆ ಪಂಡಿತರೆಂದರೆ ಅಷ್ಟಕ್ಕಷ್ಟೆ. ಆದರೂ ಶ್ಟಾಲ್ ಕೊನೆಯವರೆಗೂ ಅಲ್ಲೇ ಉಳಿದ. 1734ರಲ್ಲಿ ತೀರಿಕೊಂಡ.

ಅವನ ಪಾಠ ಹರಡಿದ್ದು ಹೆಚ್ಚಾಗಿ ಶಿಷ್ಯರಿಂದ. ಅವನ ಬರವಣಿಗೆ ಲ್ಯಾಟಿನ್ ಮತ್ತು ಜರ್ಮನ್ ಕಲಸುಮೇಲೋಗರ, ಓದುವವರಿಗೆ ಶಿಕ್ಷೆ. ಹಾಲೆಯ ಯುಂಕರ್ ಅದನ್ನು ಅಚ್ಚುಕಟ್ಟಾದ ಪಠ್ಯಪುಸ್ತಕ ಮಾಡಿದ. ಬರ್ಲಿನ್‌ನಲ್ಲಿ ಪಾಟ್, ನಾಯ್ಮನ್ ಇದ್ದರು. ಈ ನಾಯ್ಮನ್ ಬಳಿ ಕಲಿತ ಮಾರ್ಗ್‌ಗ್ರಾಫ್ 1747ರಲ್ಲಿ ಬೀಟ್ ಗೆಡ್ಡೆಯಲ್ಲಿ ಕಬ್ಬಿನದೇ ಸಕ್ಕರೆ ಇದೆ ಅಂತ ತೋರಿಸಿದ. ಯುರೋಪಿನ ಬೀಟ್ ಸಕ್ಕರೆ ಉದ್ಯಮದ ಬೇರು ಅಲ್ಲಿದೆ.

ಆಮೇಲಿನ ಕಥೆ ನಿಮಗೆ ಗೊತ್ತು. 1772ರಿಂದ ಲವಾಸಿಯೆ ತಕ್ಕಡಿ ಹಿಡಿದು ಕೂತ. ಉರಿಯುವಾಗ ಏನೂ ಹೊರಗೆ ಹೋಗುವುದಿಲ್ಲ, ಗಾಳಿಯ ಒಂದು ಭಾಗ ಒಳಗೆ ಸೇರುತ್ತದೆ, ಭಸ್ಮದ ತೂಕ ಏರುವುದು ಅದಕ್ಕೇ ಅಂದ. 1774ರಲ್ಲಿ ಇಂಗ್ಲೆಂಡಿನ ಪ್ರೀಸ್ಟ್‌ಲಿ ಹೊಸ ಗಾಳಿ ಕಂಡುಹಿಡಿದು, ಅದನ್ನು ಫ್ಲಾಜಿಸ್ಟನ್ ಇಲ್ಲದ ಗಾಳಿ ಅಂದ. ಲವಾಸಿಯೆ ಅದಕ್ಕೆ ಆಕ್ಸಿಜನ್ ಅಂದ. 1787ರಲ್ಲಿ ಲವಾಸಿಯೆ ಕಡೆಯವರು ಇಡೀ ಕೆಮಿಸ್ಟ್ರಿಗೆ ಹೊಸ ಹೆಸರುಗಳ ಪಟ್ಟಿ ತಂದರು, ಅದರಲ್ಲಿ ಫ್ಲಾಜಿಸ್ಟನ್‌ಗೆ ಜಾಗವಿಲ್ಲ. ಅದೇ 1787ರಲ್ಲಿ ಜರ್ಮನಿಯಲ್ಲಿ ತತ್ವಜ್ಞಾನಿ ಕಾಂಟ್ ತನ್ನ ಮುಖ್ಯ ಕೃತಿಯ ಎರಡನೇ ಆವೃತ್ತಿಗೆ ಮುನ್ನುಡಿ ಬರೆಯುತ್ತಾ, ಪ್ರಕೃತಿಯನ್ನು ಸರಿಯಾಗಿ ಪ್ರಶ್ನಿಸಿದವರೆಂದು ಮೂವರ ಹೆಸರು ಹೇಳಿದ: ಗೆಲಿಲಿಯೋ, ಟೊರಿಚೆಲ್ಲಿ, ಶ್ಟಾಲ್. ಎರಡು ವರ್ಷಕ್ಕೆ, ಪ್ಯಾರಿಸ್‌ನಲ್ಲಿ ಲವಾಸಿಯೆಯ ಹೆಂಡತಿ ಪೂಜಾರಿಣಿಯ ವೇಷ ಹಾಕಿ ಶ್ಟಾಲ್‌ನ ಪುಸ್ತಕವನ್ನು ಬೆಂಕಿಗೆ ಹಾಕಿದಳು ಅನ್ನುವ ಸುದ್ದಿ ಜರ್ಮನಿಯಲ್ಲಿ ಓಡಾಡಿತು.

ಆಕ್ಸಿಜನ್ ಅಂದರೆ ಗ್ರೀಕ್‌ನಲ್ಲಿ ಆಮ್ಲ ಹುಟ್ಟಿಸುವುದು. ಎಲ್ಲ ಆಮ್ಲಗಳಲ್ಲೂ ಅದು ಇದ್ದೇ ಇರುತ್ತದೆ ಅಂತ ಲವಾಸಿಯೆ ನಂಬಿದ್ದ. 1810ರಲ್ಲಿ ಹಂಫ್ರಿ ಡೇವಿ ಅದು ತಪ್ಪು ಅಂದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಒಂದು ಚೂರೂ ಇಲ್ಲ. ಆದರೂ ಹೆಸರು ಹಾಗೇ ಉಳಿಯಿತು. ಕನ್ನಡಕ್ಕೆ ಬಂದಾಗ ನಾವೂ ಆ ತಪ್ಪನ್ನು ಅಕ್ಷರಕ್ಕೆ ಅಕ್ಷರ ತಂದುಕೊಂಡೆವು: ಆಮ್ಲಜನಕ.