ಕೂಲರ್ ಮೇಲೆ ಬೆಳವ ಗೂಡು ಕಟ್ಟಿದೆ, ಬೇರೆ ಕಡೆ ಇಡಬಹುದೇ?

ಪ್ರಶ್ನೆ: ನಮ್ಮ ಮನೆ ಕಲಬುರಗಿಯಲ್ಲಿದೆ. ಬಿಸಿಲು ಹೆಚ್ಚಾಯಿತೆಂದು ಕಿಟಕಿಯ ಕೂಲರ್ ಹಚ್ಚಲು ಹೋದರೆ, ಅದರ ಮೇಲೆ ಬೆಳವ ಎರಡು ತತ್ತಿ ಇಟ್ಟಿದೆ. ಗೂಡೆಂದರೆ ಬರೀ ಒಂದು ಹಿಡಿ ಕಡ್ಡಿ. ಅದನ್ನು ಹಾಗೆಯೇ ಎತ್ತಿ ಮಾಳಿಗೆಯ ನೆರಳಿನಲ್ಲಿ ಇಡಬಹುದೇ?

ಉತ್ತರ: ದಯವಿಟ್ಟು ಇಡಬೇಡಿ. ಎರಡನೆಯ ತತ್ತಿ ಇಟ್ಟ ಮೇಲೆ ಮರಿ ಹೊರಬರಲು 13ರಿಂದ 15 ದಿನ, ಆ ಮರಿ ಬಲಿತು ಗೂಡು ಬಿಡಲು ಮತ್ತೆ 14ರಿಂದ 16 ದಿನ ಹಿಡಿಯುತ್ತದೆ. ನೀವು ಕಾಯಬೇಕಾದದ್ದು ಹೆಚ್ಚೆಂದರೆ ಒಂದು ತಿಂಗಳು. ನಮ್ಮ ಭಾಗದ ಬೇಸಿಗೆಯಲ್ಲಿ ಕೂಲರ್ ಇಲ್ಲದ ಒಂದು ತಿಂಗಳು ಸಣ್ಣ ಮಾತಲ್ಲವೆಂದು ಬಲ್ಲೆ. ಆದರೆ ಹಕ್ಕಿಗಳು ತಮ್ಮ ಗೂಡನ್ನು ಅದು ಇರುವ ಜಾಗದಿಂದಲೇ ಗುರುತಿಸುವುದರಿಂದ, ನೀವು ಅದನ್ನು ಮಾಳಿಗೆಗೆ ಒಯ್ದರೆ ತಾಯಿ ತಂದೆ ಖಾಲಿ ಕೂಲರಿನ ಮೇಲೆ ಬಂದು ಹುಡುಕುತ್ತವೆ, ತತ್ತಿಗಳು ಕೆಟ್ಟುಹೋಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಹಕ್ಕಿಗಳ ತತ್ತಿಗೆ ಹಾನಿ ಮಾಡುವುದನ್ನು ಮತ್ತು ಗೂಡನ್ನು ಕದಲಿಸುವುದನ್ನು ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ.

ನಿಮ್ಮ ಮನೆಗೆ ಬಂದಿರುವುದು ಬಹುಶಃ ಪುಟ್ಟ ಕಂದು ಬೆಳವ. ಕೊಕ್ಕಿನಿಂದ ಬಾಲದವರೆಗೆ ಸುಮಾರು 25 ಸೆಂಟಿಮೀಟರ್ ಉದ್ದ, ಗುಲಾಬಿ ಬೆರೆತ ಕಂದು ಮೈ, ರೆಕ್ಕೆಯ ಅಂಚಿನಲ್ಲಿ ನೀಲಿ ಛಾಯೆಯ ಬೂದು, ಕೊರಳಿನ ಮುಂಭಾಗದಲ್ಲಿ ಕಪ್ಪು ಚುಕ್ಕೆಗಳ ಪಟ್ಟಿ. ಹೊಲಗಳ ಕಡೆ ಕಾಣುವ, ಕತ್ತಿನ ಹಿಂದೆ ಕಪ್ಪು ಗೆರೆಯಿರುವ ಬೂದು ಬಣ್ಣದ ಬೆಳವ ಇದಕ್ಕಿಂತ ದೊಡ್ಡದು. ಆಫ್ರಿಕದಿಂದ ಅರಬ್ ದೇಶಗಳನ್ನು ಹಾದು ಭಾರತದವರೆಗೆ ಹರಡಿರುವ ಈ ಪುಟ್ಟ ಹಕ್ಕಿ ಒಣನೆಲಕ್ಕೆ ಒಗ್ಗಿಕೊಂಡದ್ದು. ಜಾಲಿ ಪೊದೆ, ಜೋಳದ ಹೊಲ, ರಾಶಿಯ ಕಣ, ಕಲ್ಲುಮನೆಯ ಸೂರು ಎಲ್ಲವೂ ಇರುವ ಕಲಬುರಗಿ, ಬೀದರ, ಯಾದಗಿರಿ ಸೀಮೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ನೆಲದ ಮೇಲೆ ನಡೆದಾಡುತ್ತ ಹುಲ್ಲಿನ ಬೀಜ ಮತ್ತು ಉದುರಿದ ಕಾಳು ಆಯುವುದು ಇದರ ಮುಖ್ಯ ಕೆಲಸ. ನಡುನಡುವೆ ಗೆದ್ದಲಿನಂಥ ಹುಳುಗಳನ್ನೂ ತಿನ್ನುತ್ತದೆ.

ಗೂಡು ಬರೀ ಕಡ್ಡಿಯೆಂದು ಬರೆದಿದ್ದೀರಿ. ಅದನ್ನು ಸೋಮಾರಿತನವೆಂದು ತಿಳಿಯುವವರು ಬಹಳ ಮಂದಿ, ಆದರೆ ಗಂಡು ಒಂದೊಂದೇ ಕಡ್ಡಿ ತಂದುಕೊಡುವುದನ್ನೂ ಹೆಣ್ಣು ಕೂತಲ್ಲಿಯೇ ಅದನ್ನು ಸುತ್ತ ಜೋಡಿಸಿಕೊಳ್ಳುವುದನ್ನೂ ನೋಡಿದವರಿಗೆ ಹಾಗೆನಿಸದು. ಹೆಚ್ಚು ಶ್ರಮ ಬೇಡದ ಇಂಥ ಗೂಡನ್ನು ಕಾಗೆಯೋ ಬೆಕ್ಕೋ ಹಾಳುಮಾಡಿದರೆ, ಜೋಡಿ ಬೇಗನೆ ಇನ್ನೊಂದು ಕಟ್ಟಿ ಮತ್ತೆ ತತ್ತಿ ಇಡಬಲ್ಲದು. ವರ್ಷದ ಬಹುಪಾಲು ತಿಂಗಳುಗಳಲ್ಲಿ ಸಂತಾನ ಬೆಳೆಸುವ ಹಕ್ಕಿಗೆ ಇದು ದೊಡ್ಡ ಅನುಕೂಲ.

ಕಾವು ಕೊಡುವ ಕೆಲಸವನ್ನೂ ಎರಡೂ ಹಂಚಿಕೊಳ್ಳುತ್ತವೆ. ಹಗಲಿನ ಹೆಚ್ಚು ಹೊತ್ತು ಗೂಡಿನಲ್ಲಿರುವುದು ಗಂಡು. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿಯ ಉಷ್ಣಾಂಶ 40 ಡಿಗ್ರಿ ದಾಟಿದಾಗ ತತ್ತಿಗೆ ಬೇಕಾದದ್ದು ಶಾಖಕ್ಕಿಂತ ಹೆಚ್ಚಾಗಿ ನೆರಳು, ಆದ್ದರಿಂದ ಮಧ್ಯಾಹ್ನ ಅದು ಗೂಡು ಬಿಟ್ಟೇಳುವಂತೆ ಮಾಡಬೇಡಿ. ಬೆಳವ, ಪಾರಿವಾಳಗಳು ಚರ್ಮದ ಮೂಲಕ ನೀರನ್ನು ಆವಿಯಾಗಿಸಿ ಮೈ ತಂಪು ಮಾಡಿಕೊಳ್ಳುತ್ತವೆ. ಹಾಗೆ ಕಳೆದುಹೋದ ನೀರನ್ನು ಕುಡಿದೇ ತುಂಬಿಕೊಳ್ಳಬೇಕು. ಗೂಡಿನಿಂದ ತುಸು ದೂರದಲ್ಲಿ, ಬೆಕ್ಕು ಹೊಂಚು ಹಾಕಲಾಗದ ಕಡೆ, ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಡುವುದೇ ನೀವು ಮಾಡಬಹುದಾದ ಅತಿ ದೊಡ್ಡ ಉಪಕಾರ. ಕೋಳಿಯಂತೆ ತಲೆಯೆತ್ತಿ ನುಂಗದೆ, ಕೊಕ್ಕನ್ನು ಅದ್ದಿ ಒಂದೇ ಸಮನೆ ಹೀರುವುದನ್ನು ಆಗ ನೀವೇ ಕಾಣುವಿರಿ.

ಮರಿಗಳಿಗೆ ನೀವು ಏನನ್ನೂ ತಿನ್ನಿಸಬೇಕಿಲ್ಲ. ಮೊದಲ ಕೆಲವು ದಿನ ಅವುಗಳ ಆಹಾರ ತಾಯಿ ತಂದೆಯರ ಗಂಟಲಚೀಲದ ಒಳಪದರದಲ್ಲಿ ಉಂಟಾಗುವ, ಕೊಬ್ಬು ಮತ್ತು ಪ್ರೋಟೀನ್ ತುಂಬಿದ ಗಿಣ್ಣಿನಂಥ ಪದಾರ್ಥ. ಗಂಡುಹಕ್ಕಿಯೂ ಇಂಥ ಹಾಲು ಕೊಡುತ್ತದೆಂಬುದು ನನ್ನ ಮಟ್ಟಿಗೆ ಈ ಕುಲದ ಅತ್ಯಂತ ಸೋಜಿಗದ ಸಂಗತಿ. ಮರಿ ತನ್ನ ಕೊಕ್ಕನ್ನು ದೊಡ್ಡ ಹಕ್ಕಿಯ ಬಾಯೊಳಗೆ ತೂರಿಸಿ ಅದನ್ನು ಪಡೆಯುತ್ತದೆ. ದಿನ ಕಳೆದಂತೆ ನೆನೆದ ಕಾಳು ಅದರೊಂದಿಗೆ ಬೆರೆಯುತ್ತ ಹೋಗುತ್ತದೆ. ಇದಕ್ಕೆ ಆಕಳ ಹಾಲಾಗಲಿ ಅನ್ನವಾಗಲಿ ಬದಲಿಯಾಗದು. ಮರಿ ಕೆಳಗೆ ಬಿದ್ದಿದ್ದರೆ ಮೆಲ್ಲಗೆ ಎತ್ತಿ ಗೂಡಿಗೇ ಇಡಿ. ಮನುಷ್ಯರ ಕೈ ತಾಗಿತೆಂಬ ಕಾರಣಕ್ಕೆ ಅವು ಮರಿಯನ್ನು ತೊರೆಯುವುದಿಲ್ಲ.

ಕೂಲರಿನ ಮಾತಿಗೆ ಬರುವುದಾದರೆ, ಒಂದು ತಿಂಗಳು ಬೇರೆ ಕೋಣೆಯಲ್ಲಿ ಮಲಗುವುದೋ ಫ್ಯಾನಿನಲ್ಲಿ ಸುಧಾರಿಸುವುದೋ ನಿಮ್ಮ ಅನುಕೂಲಕ್ಕೆ ಬಿಟ್ಟದ್ದು. ಮರಿಗಳೆರಡೂ ಹಾರಿಹೋದದ್ದು ಖಚಿತವಾದ ಕೂಡಲೇ ಮಾತ್ರ ತಡಮಾಡಬೇಡಿ. ಅದೇ ಜೋಡಿ ಅದೇ ಕಡ್ಡಿಗಳ ಮೇಲೆ ಮತ್ತೆ ತತ್ತಿ ಇಡುವ ಸಂಭವ ಹೆಚ್ಚು. ಗೂಡಿನಲ್ಲಿ ಹೊಸ ತತ್ತಿಯಿಲ್ಲವೆಂದು ನೋಡಿಕೊಂಡು, ಬಾಯಿ ಮೂಗಿಗೆ ಬಟ್ಟೆ ಕಟ್ಟಿ, ಒಣಗಿದ ಹಿಕ್ಕೆಗೆ ನೀರು ಚಿಮುಕಿಸಿ ಕಡ್ಡಿಗಳನ್ನು ತೆಗೆಯಿರಿ. ಕೂಲರಿನ ಮೇಲ್ಭಾಗಕ್ಕೆ ಇಳಿಜಾರಾಗಿ ಒಂದು ಹಲಗೆ ಹೊದಿಸಿದರೆ ಅಲ್ಲಿ ಕಡ್ಡಿ ನಿಲ್ಲುವುದಿಲ್ಲ.